ನರ್ಸ್‌ಗೆ ಕನ್ನಡ ಕಲಿಸಬೇಕಾದವರು ಯಾರು?

ಹಾವೇರಿಯ ಓದುಗರಿಗೆ,

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಿಮ್ಮ ತಾಯಿಯವರು ಹೇಳಿಕೊಂಡ ನೋವು ಕೇರಳದ ನರ್ಸ್‌ಗೆ ರಾತ್ರಿಯಿಡೀ ಅರ್ಥವಾಗಲಿಲ್ಲವೆಂದೂ, ಕನ್ನಡ ಬಾರದವರನ್ನು ಕೆಲಸಕ್ಕೇ ಸೇರಿಸಿಕೊಳ್ಳಬಾರದೆಂದೂ ಬರೆದಿದ್ದೀರಿ. ರೋಗಿಯ ಮಾತು ನರ್ಸ್‌ಗೆ ತಿಳಿಯಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮಂಥ ವಿಚಾರವಂತರ ಸಿಟ್ಟು ಆ ಹುಡುಗಿಯ ಮೇಲೆ ತಿರುಗಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಇದೇ ಹುಡುಗಿ ಜರ್ಮನಿಗೆ ಹೊರಟರೆ, ಅಲ್ಲಿ ನರ್ಸ್ ಎಂದು ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡಬಲ್ಲ ಮಟ್ಟದ, ಜರ್ಮನ್ ಪರೀಕ್ಷೆ ಪಾಸಾಗಬೇಕು. ಬ್ರಿಟನ್ನಿಗಾದರೆ ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಕೇರಳದ ಎಷ್ಟೋ ನರ್ಸ್‌ಗಳು ಹಾಗೆ ಕಲಿತು ಹೋಗಿ ಅಲ್ಲಿ ದುಡಿಯುತ್ತಿದ್ದಾರೆ. ಇಲ್ಲಿ ಅವರಿಗೆ ಕನ್ನಡ ಬಂದಿಲ್ಲವೆಂದರೆ ಅದನ್ನು ಕೇಳಿದವರೂ ಇಲ್ಲ, ಕಲಿಸಿದವರೂ ಇಲ್ಲ. ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದು 2021ರ ಜೂನ್‌ನಲ್ಲಿ ನರ್ಸ್‌ಗಳು ಕೆಲಸದ ವೇಳೆ ಮಲಯಾಳಂ ಆಡಕೂಡದೆಂದು ಸುತ್ತೋಲೆ ಹೊರಡಿಸಿ, ಟೀಕೆ ಎದ್ದ ಮೇಲೆ ಹಿಂದಕ್ಕೆ ಪಡೆಯಿತು. ಒಂದು ಭಾಷೆಯನ್ನು ನಿಷೇಧಿಸಿದರೆ ಇನ್ನೊಂದು ಬಂದುಬಿಡುತ್ತದೆಯೇ?

ಮನೆಯವರು ಜೊತೆಗಿದ್ದು ಹೇಳಿದರಾಯಿತಲ್ಲ ಎಂದು ಆಡಳಿತದವರು ಸುಲಭವಾಗಿ ಅನ್ನುತ್ತಾರೆ. ಐಸಿಯು ಒಳಗೆ ಮನೆಯವರನ್ನು ಬಿಡುವುದಿಲ್ಲ. ಮಾತು ಅತ್ಯಗತ್ಯವಾದ ಜಾಗದಲ್ಲೇ ಆ ಏರ್ಪಾಡು ಮುರಿದುಬೀಳುತ್ತದೆ. ವಾರ್ಡಿನಲ್ಲಿ ಮಗ ಪಕ್ಕದಲ್ಲೇ ನಿಂತಿದ್ದರೂ, ಮೂತ್ರದ ತೊಂದರೆಯನ್ನೋ ಬಿಳಿಮುಟ್ಟನ್ನೋ ಯಾವ ತಾಯಿ ಅವನ ಬಾಯಿಂದ ಹೇಳಿಸಿಯಾಳು? ಅಮೆರಿಕದಲ್ಲಿ, ತುರ್ತು ಸಂದರ್ಭ ಬಿಟ್ಟರೆ, ರೋಗಿಯ ಚಿಕ್ಕ ಮಕ್ಕಳನ್ನು ದುಭಾಷಿಗಳಾಗಿ ಬಳಸಲು ಆಸ್ಪತ್ರೆಗಳಿಗೆ ನಿಯಮ ಬಿಡುವುದಿಲ್ಲ. ನಮ್ಮಲ್ಲಿ ಇಂಗ್ಲಿಷ್ ಬಲ್ಲ ಮೊಮ್ಮಗುವೇ ಅಜ್ಜಿಯ ದುಭಾಷಿ.

ಕರ್ನಾಟಕದ ನರ್ಸಿಂಗ್ ಕಾಲೇಜುಗಳು ಕೇರಳದ ವಿದ್ಯಾರ್ಥಿಗಳ ಶುಲ್ಕವನ್ನು ದಶಕಗಳಿಂದ ಸಂತೋಷವಾಗಿ ಪಡೆಯುತ್ತಿವೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಅಷ್ಟು ಕಾಲ ಇಲ್ಲಿದ್ದವರಿಗೆ ಉರಿ, ಸೆಳೆತ, ಜೋಮು, ವಾಕರಿಕೆಗಳನ್ನು ಧಾರವಾಡದವರು ಹೇಗೆ ಹೇಳುತ್ತಾರೆ, ಮೈಸೂರಿನವರು ಹೇಗೆ ಹೇಳುತ್ತಾರೆ ಎಂದು ರೋಗಿಯ ಮಂಚದ ಬಳಿಯೇ ಕಲಿಸಲು ಏನಡ್ಡಿ? 2019ರ ಎಂಬಿಬಿಎಸ್ ಪಠ್ಯಕ್ರಮವು ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೆ ಜಾಗ ಕೊಟ್ಟಿದೆ. ವೈದ್ಯರಿಗಿಂತ ಹೆಚ್ಚು ಹೊತ್ತು ರೋಗಿಯ ಬಳಿ ಇರುವವರಿಗೆ ಅದು ಇನ್ನೂ ಹೆಚ್ಚು ಬೇಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರವನ್ನೇ ಇಂಗ್ಲಿಷಿನಲ್ಲಿ ಮುಂದೊಡ್ಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆಸ್ಪತ್ರೆಗಳಿಗೆ ಇದೆಲ್ಲ ಹೊಳೆಯುವುದಿಲ್ಲ.

ದಯವಿಟ್ಟು ಆ ಆಸ್ಪತ್ರೆಯ ಆಡಳಿತಕ್ಕೇ ಒಂದು ಪತ್ರ ಬರೆಯಿರಿ: ಹೊಸ ನರ್ಸ್‌ಗಳಿಗೆ ಸಂಬಳಸಹಿತ ಕನ್ನಡ ತರಗತಿ ಇದೆಯೇ, ರಾತ್ರಿ ಪಾಳಿಯಲ್ಲಿ ಪ್ರತಿ ವಾರ್ಡಿಗೂ ಕನ್ನಡ ಬಲ್ಲ ಒಬ್ಬರಾದರೂ ಇರುತ್ತಾರೆಯೇ ಎಂದು ಕೇಳಿ. ಅವರಿಂದ ಬರುವ ಉತ್ತರವನ್ನು ನಮಗೆ ಕಳುಹಿಸಿದರೆ ಪೂರ್ತಿಯಾಗಿ ಪ್ರಕಟಿಸುತ್ತೇವೆ.

— ಸಂಪಾದಕ