ಇಪ್ಪತ್ತರ ಹುಡುಗ ಇಪ್ಪತ್ತೈದು ಅಂಕ ಗಳಿಸಿದರೆ ತಂಡ ಅವನದಾಯಿತೇ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಯಾವನೋ ಹೊಸ ಹುಡುಗ ಒಂದು ರಾತ್ರಿ 40 ಅಂಕ ದಾಟಿದರೆ ಸಾಕು, ಮರುದಿನದಿಂದ ಅದೇ ಪ್ರಶ್ನೆ ಬರತೊಡಗುತ್ತದೆ. ಆಟಗಾರನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಡುತ್ತೇನೆ. ಡ್ರಾಫ್ಟ್ ಎಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ಅಸಿಸ್ಟ್ ಎಂದರೆ ಜೊತೆಗಾರನ ಅಂಕಕ್ಕೆ ನೇರ ದಾರಿಯಾಗುವ ಪಾಸ್. ಅದಕ್ಕಿಂತ ಹೆಚ್ಚಿನ ವಿವರ ಕೇಳಿದವರು ಕ್ಷಮಿಸಬೇಕು.

ಪ್ರಶ್ನೆ: ಆಟಗಾರನಿಗೆ ಇನ್ನೂ ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಪಂದ್ಯಕ್ಕೆ ಸರಾಸರಿ 23–25 ಅಂಕ ಗಳಿಸುತ್ತಾನೆ, ತಂಡ ಮಾತ್ರ ಸೋಲುತ್ತಲೇ ಇದೆ. ‘ಇವನ ಸುತ್ತಲೇ ತಂಡ ಕಟ್ಟಬೇಕು’ ಎಂದು ನಾನು, ‘ಸೋಲುವ ತಂಡದಲ್ಲಿ ಯಾರು ಬೇಕಾದರೂ ಅಂಕ ಗಳಿಸುತ್ತಾರೆ’ ಎಂದು ನನ್ನ ಗೆಳೆಯ. ಯಾರು ಸರಿ? — ಬೆಂಗಳೂರು

ಇಬ್ಬರೂ ಅಂಕಪಟ್ಟಿ ನೋಡಿ ವಾದಿಸುತ್ತಿದ್ದೀರಿ, ಆಟ ನೋಡಿ ಅಲ್ಲ.

2017ರ ಮಾರ್ಚ್ 24ರಂದು ಬಾಸ್ಟನ್‌ನಲ್ಲಿ ಫೀನಿಕ್ಸ್ ಸನ್ಸ್‌ನ ಡೆವಿನ್ ಬೂಕರ್ 70 ಅಂಕ ಗಳಿಸಿದರು. ಆಗ ಅವರಿಗೆ ವಯಸ್ಸು 20. ಎನ್‌ಬಿಎ ಚರಿತ್ರೆಯಲ್ಲಿ 70 ಮುಟ್ಟಿದ ಆರನೆಯ ಆಟಗಾರ ಅವರು. ಪಂದ್ಯವನ್ನು ಫೀನಿಕ್ಸ್ 120–130ರಿಂದ ಸೋತಿತು. ಕೊನೆಯ ನಿಮಿಷಗಳಲ್ಲಿ ಬೂಕರ್ ಕೈಗೆ ಮತ್ತೆ ಚೆಂಡು ಸಿಗಲೆಂದು ಅವರದೇ ತಂಡ ಬೇಕೆಂದೇ ಫೌಲ್ ಮಾಡಿತು, ಟೈಮ್‌ಔಟ್ ತೆಗೆದುಕೊಂಡಿತು. ಅಂದು ನಿಮ್ಮಂಥವರು ಅವರನ್ನು ಮುಂದಿನ ಕೋಬಿ ಬ್ರಯಂಟ್ (ಲೀಗ್ ಕಂಡ ದೊಡ್ಡ ಸ್ಕೋರರ್) ಎಂದರು, ನಿಮ್ಮ ಗೆಳೆಯರಂಥವರು ಟೊಳ್ಳು ಅಂಕ ಎಂದರು. ಆ ಒಂದು ರಾತ್ರಿಯಿಂದ ಎರಡರಲ್ಲಿ ಯಾವುದನ್ನೂ ತೀರ್ಮಾನಿಸಲು ಸಾಧ್ಯವಿರಲಿಲ್ಲ.

ಅದೇ 2016–17ರ ಋತುವಿನಲ್ಲಿ ಮಿನೆಸೋಟದ ಆಂಡ್ರ್ಯೂ ವಿಗಿನ್ಸ್ ಪಂದ್ಯಕ್ಕೆ 23.6 ಅಂಕ ಗಳಿಸಿದರು. ಬೂಕರ್ ಗಳಿಸಿದ್ದು 22.1. ವಿಗಿನ್ಸ್ 2014ರ ಡ್ರಾಫ್ಟ್‌ನ ಮೊದಲ ಆಯ್ಕೆ. ಬೂಕರ್ 2015ರ ಹದಿಮೂರನೆಯ ಆಯ್ಕೆ, ಕೆಂಟಕಿ ವಿಶ್ವವಿದ್ಯಾಲಯದ ತಂಡದಲ್ಲಿ ಬೆಂಚಿನಿಂದ ಎದ್ದು ಬಂದು ಆಡುತ್ತಿದ್ದ ಹುಡುಗ. ಎರಡೂ ತಂಡಗಳು ಸೋಲುತ್ತಿದ್ದವು. ಅಂಕವನ್ನೇ ನಂಬುವವರು ಆಗ ವಿಗಿನ್ಸ್ ಅವರನ್ನೇ ಆರಿಸಿಕೊಳ್ಳಬೇಕಿತ್ತು.

ಮುಂದಿನ ಎರಡು ವರ್ಷ ನೋಡಿ. ಬೂಕರ್ ಪಂದ್ಯಕ್ಕೆ ಕೊಡುತ್ತಿದ್ದ ಅಸಿಸ್ಟ್‌ಗಳು 3.4ರಿಂದ 4.7ಕ್ಕೆ, ಅಲ್ಲಿಂದ 6.8ಕ್ಕೆ ಏರಿದವು. ವಿಗಿನ್ಸ್ ಅವರ ಅಸಿಸ್ಟ್‌ಗಳು ಎರಡು, ಎರಡೂವರೆಯ ಆಸುಪಾಸಿನಲ್ಲೇ ನಿಂತವು. ಬೂಕರ್ ಅಂಕಗಳೂ 26.6ಕ್ಕೆ ಹೋದವು. ಹೊಡೆತದ ನಿಖರತೆ 2016–17ರಲ್ಲಿ ಶೇ 42 ಇದ್ದದ್ದು 2019–20ರ ಹೊತ್ತಿಗೆ ಶೇ 49 ಆಗಿತ್ತು. ಹೊಣೆಯ ಭಾರ ಹೆಚ್ಚಿದಂತೆ ಹೆಚ್ಚಿನ ಆಟಗಾರರ ನಿಖರತೆ ಕುಸಿಯುತ್ತದೆ. ಇವರದು ಏರಿತು. ನಾನು ಹುಡುಕುವ ಮೊದಲ ಲಕ್ಷಣ ಇದೇ. 20ರಿಂದ 23ರ ನಡುವೆ ಅಂಕ ಎಷ್ಟಿದೆ ಎನ್ನುವುದಕ್ಕಿಂತ ಅದರ ಜೊತೆಗೆ ಏನೇನು ಬೆಳೆಯುತ್ತಿದೆ ಎನ್ನುವುದು ಮುಖ್ಯ.

ಅಸಿಸ್ಟ್‌ಗೆ ಇಷ್ಟು ಒತ್ತು ಏಕೆಂದು ಕೇಳುತ್ತೀರಿ. ಒಳ್ಳೆಯ ಸ್ಕೋರರ್‌ನನ್ನು ಎನ್‌ಬಿಎಯಲ್ಲಿ ಒಬ್ಬನೇ ಬಹುಕಾಲ ಕಾಯುವುದಿಲ್ಲ. ಪಿಕ್ ಅಂಡ್ ರೋಲ್‌ನಲ್ಲಿ, ಅಂದರೆ ಜೊತೆಗಾರ ಕಾವಲುಗಾರನಿಗೆ ಅಡ್ಡ ನಿಂತು (ಅದೇ ಸ್ಕ್ರೀನ್) ಆಮೇಲೆ ಬುಟ್ಟಿಯತ್ತ ಓಡುವ ಆಟದಲ್ಲಿ, ಅವನು ಸ್ಕ್ರೀನ್ ದಾಟಿ ಬರುತ್ತಿದ್ದಂತೆ ಎದುರಾಳಿಯ ಎತ್ತರದ ಆಟಗಾರನೂ ಮೇಲೆ ಬಂದು ಅಡ್ಡ ನಿಲ್ಲುತ್ತಾನೆ. ಚೆಂಡಿನ ಮೇಲೆ ಇಬ್ಬರಾದರೆ ಉಳಿದ ಅಂಗಳದಲ್ಲಿ ನಾಲ್ವರಿಗೆ ಮೂವರೇ ಕಾವಲು. ಆ ಕ್ಷಣದಲ್ಲೇ ಚೆಂಡು ಫ್ರೀ ಥ್ರೋ ಗೆರೆಯ ಬಳಿ ಓಡುತ್ತಿರುವ ಜೊತೆಗಾರನ ಕೈ ಸೇರಿದರೆ ಡಿಫೆನ್ಸ್ ಒಳಕ್ಕೆ ಕುಗ್ಗುತ್ತದೆ, ಮೂಲೆಯಲ್ಲಿ ನಿಂತ ಶೂಟರ್‌ಗೆ ದಾರಿ ತೆರೆಯುತ್ತದೆ. ಅರ್ಧ ಸೆಕೆಂಡ್ ತಡವಾದರೂ ಎಲ್ಲ ಮುಚ್ಚಿಹೋಗುತ್ತದೆ. ಬರೀ ಸ್ಕೋರರ್ ಆ ಹೊತ್ತಿನಲ್ಲಿ ಚೆಂಡನ್ನು ಪುಟಿಸುತ್ತ ಹಿಂದೆ ಸರಿದು ಇಬ್ಬರ ಮೇಲಿಂದ ಎಸೆಯುತ್ತಾನೆ. ಅದು ಬಿದ್ದರೆ ನಿಮ್ಮ ಮೊಬೈಲ್‌ಗೆ ಆ ತುಣುಕು ಬರುತ್ತದೆ. ಬೀಳದ ಹನ್ನೆರಡು ಎಸೆತಗಳು ಬರುವುದಿಲ್ಲ. ತಂಡದ ಆಧಾರವಾಗಬಲ್ಲವನು ಅಂಥ ರಾತ್ರಿ 18 ಅಂಕಕ್ಕೆ ನಿಂತರೂ ಅವನ ತಂಡ 120 ಮುಟ್ಟುತ್ತದೆ. ಅವನಿಗೆ ಹೆದರಿ ಎದುರಾಳಿ ಮಾಡುವ ಏರ್ಪಾಡು ಉಳಿದ ನಾಲ್ವರ ಕೆಲಸವನ್ನು ಹಗುರ ಮಾಡಬೇಕು. ಒಂದು ಪಂದ್ಯವನ್ನು ಚೆಂಡು ಬಿಟ್ಟು ಉಳಿದ ನಾಲ್ವರನ್ನೇ ನೋಡುತ್ತ ಮುಗಿಸಿ. ಅವರು ಓಡುತ್ತಿದ್ದಾರೋ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೋ ತಿಳಿಯುತ್ತದೆ.

ನಿಮ್ಮ ಗೆಳೆಯರಿಗೂ ಒಂದು ಮಾತು. ಬೂಕರ್ ಅವರ ಫೀನಿಕ್ಸ್ 2016–17ರಲ್ಲಿ 24, ಮರುವರ್ಷ 21, ಅದರ ಮರುವರ್ಷ 19 ಪಂದ್ಯ ಗೆದ್ದಿತು. ಅರ್ಲ್ ವಾಟ್ಸನ್, ಜೇ ಟ್ರಿಯಾನೋ, ಇಗೋರ್ ಕೊಕೊಶ್ಕೋವ್ ಎಂದು ಕೋಚ್‌ಗಳು ಬದಲಾಗುತ್ತಲೇ ಹೋದರು. ಆ ಸೋಲುಗಳನ್ನೆಲ್ಲ ಇಪ್ಪತ್ತೆರಡರ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. 2019ರಲ್ಲಿ ಮಾಂಟಿ ವಿಲಿಯಮ್ಸ್ ಕೋಚ್ ಆಗಿ ಬಂದರು, ಚೆಂಡು ನಡೆಸಲು ರಿಕಿ ರುಬಿಯೋ ಬಂದರು, 2020ರ ನವೆಂಬರ್‌ನಲ್ಲಿ ಅದೇ ಕೆಲಸದಲ್ಲಿ ಪಳಗಿದ ಹಿರಿಯ ಆಟಗಾರ ಕ್ರಿಸ್ ಪಾಲ್ ಬಂದರು. 2021ರಲ್ಲಿ ತಂಡ ಫೈನಲ್ ಆಡಿತು, ಮರುವರ್ಷ 64 ಪಂದ್ಯ ಗೆದ್ದು ತನ್ನ ಚರಿತ್ರೆಯ ದಾಖಲೆ ಬರೆಯಿತು. ‘ಹಾಗಾದರೆ ಎಲ್ಲವೂ ಪಾಲ್ ಕೃಪೆ’ ಎನ್ನುವ ಪತ್ರಗಳೂ ಬರುತ್ತವೆ. 6.8 ಅಸಿಸ್ಟ್‌ಗಳ ಋತು ಪಾಲ್ ಬರುವುದಕ್ಕೆ ಮುಂಚಿನದು. ದಯವಿಟ್ಟು ಕ್ಯಾಲೆಂಡರ್ ನೋಡಿ ಬರೆಯಿರಿ.

ಇನ್ನೊಂದು ಕಡೆಯ ಸತ್ಯವನ್ನೂ ಹೇಳಬೇಕು. 2021ರ ಫೈನಲ್‌ನಲ್ಲಿ ಬೂಕರ್ ನಾಲ್ಕನೆಯ ಪಂದ್ಯದಲ್ಲಿ 42, ಐದನೆಯದರಲ್ಲಿ 40 ಅಂಕ ಗಳಿಸಿದರು. ಎರಡನ್ನೂ ಫೀನಿಕ್ಸ್ ಸೋತಿತು, ಮಿಲ್ವಾಕಿ 4–2ರಿಂದ ಪ್ರಶಸ್ತಿ ಒಯ್ದಿತು. ಆಮೇಲೆ ಮಾಲೀಕರು ತಾಳ್ಮೆ ಕಳೆದುಕೊಂಡು ಕೆವಿನ್ ಡ್ಯುರಂಟ್, ಬ್ರಾಡ್ಲಿ ಬೀಲ್ ಎಂಬ ಇನ್ನಿಬ್ಬರು ಸ್ಕೋರರ್‌ಗಳನ್ನು ತಂದರು. ಮೂವರೂ ಇದ್ದ 2024–25ರಲ್ಲಿ ತಂಡ 36 ಗೆದ್ದು 46 ಸೋತು ಪ್ಲೇಆಫ್ (ಪ್ರಶಸ್ತಿ ಸುತ್ತು) ತಲುಪಲೇ ಇಲ್ಲ. ಅಂಕಗಳನ್ನು ಕೂಡಿಹಾಕಿದರೆ ತಂಡವಾಗುತ್ತದೆ ಎಂಬ ನಂಬಿಕೆ ಅಭಿಮಾನಿಗಳಿಗಿರಲಿ, ಮಾಲೀಕರಿಗೇ ಇದ್ದರೆ ಆಗುವುದು ಇದೇ.

ನನ್ನ ತೀರ್ಪು ಕೇಳಿದರೆ, ಬೂಕರ್ ಫ್ರಾಂಚೈಸಿ ಸ್ಟಾರ್ (ಸುತ್ತ ಇಡೀ ತಂಡ ಕಟ್ಟಬಹುದಾದ ಆಟಗಾರ) ಹೌದು. 2025ರ ಫೆಬ್ರವರಿಯಲ್ಲಿ ವಾಲ್ಟರ್ ಡೇವಿಸ್ ಅವರನ್ನು ಹಿಂದಿಕ್ಕಿ ಫೀನಿಕ್ಸ್ ಪರ ಅತಿ ಹೆಚ್ಚು ಅಂಕ ಗಳಿಸಿದವರಾದರು, ಆದರೆ ನಾನು ಹೌದು ಎನ್ನುವುದು ಆ ಕಾರಣಕ್ಕಲ್ಲ. ವಿಗಿನ್ಸ್ ಅಲ್ಲ. ಹಾಗೆಂದು ಅವರು ವ್ಯರ್ಥವಾಗಲಿಲ್ಲ. ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋಗಿ, ಎದುರಾಳಿಯ ದೊಡ್ಡ ಆಟಗಾರನನ್ನು ಕಾಯುವ ಕೆಲಸ ಹಿಡಿದು, 2022ರ ಪ್ರಶಸ್ತಿಯಲ್ಲಿ ದೊಡ್ಡ ಪಾಲು ಪಡೆದರು. ಆ ಫೈನಲ್‌ನ ಐದನೆಯ ಪಂದ್ಯದ 26 ಅಂಕ, 13 ರಿಬೌಂಡ್‌ಗಳು (ಗುರಿ ತಪ್ಪಿ ಮರಳಿದ ಚೆಂಡು ಹಿಡಿದದ್ದು), ಮಿನೆಸೋಟದಲ್ಲಿ ಅವರು ಗಳಿಸಿದ ಎಲ್ಲ ಅಂಕಗಳಿಗಿಂತ ನನಗೆ ಹೆಚ್ಚು.

ಅದೇ ಗೋಲ್ಡನ್ ಸ್ಟೇಟ್‌ನಲ್ಲಿ ಇನ್ನೂ ಕಠಿಣ ಪಾಠವಿದೆ. ಮೋಂಟಾ ಎಲ್ಲಿಸ್ 2009–10ರಲ್ಲಿ ಪಂದ್ಯಕ್ಕೆ 25.5 ಅಂಕ ಗಳಿಸಿದ ಜನಪ್ರಿಯ ಆಟಗಾರ. 2012ರ ಮಾರ್ಚ್‌ನಲ್ಲಿ ಅವರನ್ನು ಮಿಲ್ವಾಕಿಗೆ ಕೊಟ್ಟು, ಗಾಯಗೊಂಡು ಕುಳಿತಿದ್ದ ಆಂಡ್ರ್ಯೂ ಬೋಗಟ್ ಅವರನ್ನು ತಂದರು. ಕೆಲವೇ ದಿನಗಳಲ್ಲಿ ತಂಡದ ಹಳೆಯ ತಾರೆ ಕ್ರಿಸ್ ಮಲ್ಲಿನ್ ಗೌರವದ ಸಮಾರಂಭದಲ್ಲಿ ಮಾಲೀಕ ಜೋ ಲೇಕಬ್ ಮೈಕ್ ಹಿಡಿದರೆ ಇಡೀ ಕ್ರೀಡಾಂಗಣ ಕೂಗಿ ಅವರ ಬಾಯಿ ಮುಚ್ಚಿಸಿತು. ತಂಡ ಉಳಿಸಿಕೊಂಡದ್ದು ಪಾದದ ಕೀಲಿನ ನೋವಿನಿಂದ ಮತ್ತೆ ಮತ್ತೆ ಹೊರಗುಳಿಯುತ್ತಿದ್ದ ಇನ್ನೊಬ್ಬ ಯುವಕನನ್ನು. ಅವರೇ ಸ್ಟೆಫನ್ ಕರಿ. 2015ರಲ್ಲಿ ಪ್ರಶಸ್ತಿ ಬಂತು, ಆಮೇಲೆ ಇನ್ನೂ ಮೂರು.

ಮೂರನೆಯ ಋತು ಮುಗಿಯುವ ಮೊದಲು ನಾನು ಯಾರನ್ನೂ ಸ್ಟಾರ್ ಎನ್ನುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ತಂಡಗಳಿಗೆ ಅದಕ್ಕಿಂತ ಹೆಚ್ಚು ಕಾಯುವ ಅವಕಾಶವಿಲ್ಲ, ಒಪ್ಪಂದ ವಿಸ್ತರಣೆಯ ನಿರ್ಧಾರ ಆಗಲೇ ಬರುತ್ತದೆ. 61 ಪಂದ್ಯ ಸೋತ ಋತುವಿನ ಬೆನ್ನಿಗೆ ಬಂದ ಬೇಸಿಗೆಯಲ್ಲೇ ಫೀನಿಕ್ಸ್ ಬೂಕರ್‌ಗೆ ಐದು ವರ್ಷಕ್ಕೆ 15.8 ಕೋಟಿ ಡಾಲರ್ ಕೊಟ್ಟಿತು. ಅದು ಸರಿಯಾದ ನಿರ್ಧಾರವಾಗಿತ್ತು.

ಪ್ರಶ್ನೆ: ಪ್ರಶಸ್ತಿ ಗೆಲ್ಲದವನನ್ನು ಫ್ರಾಂಚೈಸಿ ಸ್ಟಾರ್ ಎನ್ನಬಹುದೇ? — ಹುಬ್ಬಳ್ಳಿ

ಎನ್ನಬಹುದು. ಸ್ಟೀವ್ ನ್ಯಾಶ್ ಎರಡು ಸಲ ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಆದರು, ಒಮ್ಮೆಯೂ ಫೈನಲ್ ಆಡಲಿಲ್ಲ.

ಪ್ರಶ್ನೆ: ಡ್ರಾಫ್ಟ್‌ನ ಮೊದಲ ಐದರಲ್ಲಿ ಬಾರದವರು ದೊಡ್ಡ ಆಟಗಾರರಾಗುವುದಿಲ್ಲವಂತೆ, ನಿಜವೇ? — ಶಿವಮೊಗ್ಗ

ಇಂದಿನ ಅತಿ ದೊಡ್ಡ ಆಟಗಾರರಲ್ಲೊಬ್ಬರಾದ ನಿಕೋಲಾ ಯೋಕಿಚ್ 41ನೆಯ ಆಯ್ಕೆ. ಈ ಪ್ರಶ್ನೆಯನ್ನು ಮತ್ತೆ ಕಳುಹಿಸಬೇಡಿ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಶಾಲಾ ಪಂದ್ಯಗಳಲ್ಲಿ 30 ಅಂಕ ಗಳಿಸುತ್ತಾನೆ. ಅಮೆರಿಕದ ಸ್ಕೌಟ್‌ಗಳು ಬರುತ್ತಾರೆಂದು ಒಂದು ಶಿಬಿರದವರು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಎತ್ತರ ಹೆಚ್ಚಿಸುವ ಪುಡಿಯನ್ನೂ ಕೊಟ್ಟಿದ್ದಾರೆ. ಸೇರಿಸಲೇ? — ಮೈಸೂರು

ಬೇಡ ತಾಯಿ. ಪುಡಿಯನ್ನು ಇವತ್ತೇ ನಿಲ್ಲಿಸಿ. ಯಾವ ಪುಡಿಯೂ ಮೂಳೆಯನ್ನು ಅದರ ಮಿತಿ ದಾಟಿ ಬೆಳೆಸುವುದಿಲ್ಲ. ಡಬ್ಬಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಅದರಲ್ಲಿ ಏನಿದೆಯೋ ನಿಮಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. ಚುಚ್ಚುಮದ್ದಿನ ಮಾತು ಎತ್ತಿದರೆ ಆ ಕ್ಷಣವೇ ಎದ್ದು ಬನ್ನಿ. ಮಕ್ಕಳ ದೇಹದ ಮೇಲೆ ವ್ಯಾಪಾರ ಮಾಡುವ ಇಂಥವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಪಂಜಾಬಿನ ಸತ್ನಾಮ್ ಸಿಂಗ್ ಹದಿನಾಲ್ಕರ ಪ್ರಾಯದಲ್ಲಿ ಫ್ಲಾರಿಡಾದ ಅಕಾಡೆಮಿಗೆ ಹೋದದ್ದು ವಿದ್ಯಾರ್ಥಿವೇತನದ ಮೇಲೆ. 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಏಳಡಿ ದಾಟಿದ ಎತ್ತರವಿದ್ದೂ ಎನ್‌ಬಿಎ ಲೀಗ್‌ನ ಒಂದು ಪಂದ್ಯವನ್ನೂ ಅವರು ಆಡಲಾಗಲಿಲ್ಲ. ದಾರಿ ಅಷ್ಟು ಕಿರಿದು. ನಿಜವಾಗಿ ಬೇಕಾದವರು ಹುಡುಗನನ್ನು ತಮ್ಮ ಖರ್ಚಿನಲ್ಲಿ ಕರೆದೊಯ್ಯುತ್ತಾರೆ, ತಾಯಿಯ ಹತ್ತಿರ ಮುಂಗಡ ಕೇಳುವುದಿಲ್ಲ.

ಶಾಲೆಯಲ್ಲಿ 30 ಅಂಕ ಬರುವುದು ಬಹಳ ಸಲ ಹುಡುಗ ಜೊತೆಯವರಿಗಿಂತ ಒಂದು ವರ್ಷ ಮೊದಲೇ ಬೆಳೆದಿರುವುದರಿಂದ. ಉಳಿದವರು ಬೆಳೆದಾಗ ಆ ಅನುಕೂಲ ಹೋಗುತ್ತದೆ. ಅವನಿಗಿಂತ ಎರಡು ವರ್ಷ ದೊಡ್ಡವರ ಜೊತೆ ಆಡಲು ಬಿಡಿ, ಎಡಗೈ ಪಳಗಿಸಲು ಹೇಳಿ. ಆ ಹಣದಲ್ಲಿ ಒಳ್ಳೆಯ ಶೂ ಕೊಡಿಸಿ, ಉಳಿದದ್ದು ಅವನ ಓದಿಗೆ ಇರಲಿ.