‘ಎಫ್’ ಬಂದ ಬಾಡಿಗೆ ಮನೆಗೆ ವಿನಾಯಿತಿ ಸಿಗುತ್ತದೆಯೇ?

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮದೊಂದು ಹಳೇ ಇಟ್ಟಿಗೆ ಮನೆಯಿದೆ. ಬಾಡಿಗೆಗೆ ಕೊಟ್ಟಿದ್ದೇವೆ. ಮನೆ ಎಷ್ಟು ಇಂಧನ ಉಳಿಸುತ್ತದೆಂದು ‘ಎ’ಯಿಂದ (ಅತ್ಯುತ್ತಮ) ‘ಜಿ’ವರೆಗೆ ದರ್ಜೆ ಕೊಡುವ ಇಪಿಸಿ ಸರ್ಟಿಫಿಕೇಟಿನಲ್ಲಿ ‘ಎಫ್’ ಬಂದಿದೆ. ಕಾನೂನು ಕೇಳುವ ‘ಇ’ಗೆ ತರಲು ಒಟ್ಟು 9,000 ಪೌಂಡ್ ಬೇಕಂತೆ. ಮಾಲೀಕರ ಖರ್ಚಿನ ಮಿತಿ 3,500 ಪೌಂಡ್ ಅಲ್ವಾ? ಹಾಗಾದರೆ ಏನೂ ಮಾಡಿಸದೆ ವಿನಾಯಿತಿ ಪಡೆಯಬಹುದೇ?

ಉತ್ತರ: ಆಗುವುದಿಲ್ಲ. ಇಂಥ ಸರ್ಟಿಫಿಕೇಟ್ ಬರೆಯುವುದೇ ನನ್ನ ಕೆಲಸ. ಮಾಲೀಕರು ಎಡವುವುದು ಇಲ್ಲೇ. ಮಿತಿಯನ್ನು ಒಟ್ಟು ಖರ್ಚಿಗೆ ಹೋಲಿಸಬೇಡಿ. ಸೂಚಿಸಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದಕ್ಕೂ ವ್ಯಾಟ್ ಸೇರಿ 3,500 ದಾಟಿದರೆ ಮಾತ್ರ ‘ಖರ್ಚು ಹೆಚ್ಚು’ ಎಂಬ ವಿನಾಯಿತಿ. ಅದಕ್ಕೂ ಮೂವರಿಂದ ಕೊಟೇಶನ್ ಬೇಕು.

ನಿಮ್ಮ 9,000ದಲ್ಲಿ ದೊಡ್ಡ ಪಾಲು ಗೋಡೆಯ ಹೊದಿಕೆಯದೇ, ಅಂದರೆ ಶಾಖ ಸೋರದಂತೆ ಹಾಕುವ ಪದರದ್ದೇ ಇರಬೇಕು. ಅಟ್ಟದ ಹೊದಿಕೆ, ಬಿಸಿನೀರಿನ ಟ್ಯಾಂಕಿನ ಜಾಕೆಟ್ಟು ಮಿತಿಯೊಳಗೇ ಆಗುತ್ತವೆ. ಅವನ್ನು ಮಾಡಿಸಿ. ಆಮೇಲೂ ‘ಎಫ್’ ಉಳಿದು, ಬಾಕಿ ಕೆಲಸ ಮಿತಿ ದಾಟುವುದಾದರೆ, ‘ಆಗುವುದೆಲ್ಲ ಮಾಡಿಸಿದ್ದೇವೆ’ ಎಂಬ ಬೇರೆ ವಿನಾಯಿತಿ ಇದೆ. 2017ರ ಅಕ್ಟೋಬರ್ 1ರಿಂದೀಚೆಗೆ ಇಂಥ ಕೆಲಸಕ್ಕೆ ಹಾಕಿದ ದುಡ್ಡೂ ಲೆಕ್ಕಕ್ಕೆ ಬರುತ್ತದೆ. ಹಳೇ ಬಿಲ್ಲು ಹುಡುಕಿ.

ಇಂಥ ಮನೆಗಳ ಅಟ್ಟ ಹತ್ತಿ ಟಾರ್ಚ್ ಬಿಟ್ಟರೆ, ತೊಲೆಗಳ ನಡುವೆ ನಾಲ್ಕು ಬೆರಳು ದಪ್ಪದ ಹಳೇ ಹೊದಿಕೆ ಕುಗ್ಗಿ ಕೂತಿರುತ್ತದೆ. ಈಗ ಹಾಕಬೇಕಾದ್ದು 270 ಮಿಲಿಮೀಟರ್. ಕೆಳಗಿನ ಕೋಣೆಯಲ್ಲಿ ಬೀರು ಸರಿಸಿದರೆ ಹಿಂದೆ ಕಪ್ಪು ಬೂಷ್ಟು. ಆ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ. ಹೀಟರಿನ ಬಿಲ್ಲು ಕಟ್ಟುವವರೂ ಬಾಡಿಗೆದಾರರೇ. ವಿನಾಯಿತಿಯ ಮಾತಿಗೆ ಮೊದಲು ಅಟ್ಟ ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಗೋಡೆಯ ಮಾತು ಬೇರೆ. ಒಳಗೆ ಟೊಳ್ಳಿಲ್ಲದ ಗೋಡೆಗೆ ಹೊದಿಕೆ ಹಾಕಿದರೆ ಹಾನಿ ಅಂತ ತಜ್ಞರು ಬರೆದುಕೊಟ್ಟರೆ, ಅದಕ್ಕೊಂದು ವಿನಾಯಿತಿಯಿದೆ. ಬಾಡಿಗೆದಾರರು ಕೆಲಸಕ್ಕೆ ಒಪ್ಪದಿದ್ದರೂ ಇದೆ. ಅವರ ಉತ್ತರ ಬರವಣಿಗೆಯಲ್ಲಿರಲಿ.

ಯಾವುದೂ ತಾನಾಗಿ ಸಿಗುವುದಿಲ್ಲ. ಸರ್ಕಾರದ ವಿನಾಯಿತಿ ರಿಜಿಸ್ಟರಿನಲ್ಲಿ ನೀವೇ ದಾಖಲಿಸಬೇಕು. ಸಾಮಾನ್ಯವಾಗಿ ಐದು ವರ್ಷ ನಡೆಯುತ್ತದೆ. ಮನೆ ಮಾರಿದರೆ ಕೊಂಡವರಿಗೆ ಸಲ್ಲುವುದಿಲ್ಲ. 2020ರ ಏಪ್ರಿಲ್ 1ರಿಂದ ಹಳೇ ಬಾಡಿಗೆಗಳಿಗೂ ಕನಿಷ್ಠ ‘ಇ’ ಇರಬೇಕೆಂಬ ನಿಯಮ ಬಂದಿದೆ. ಸುಮ್ನೆ ಕೂತರೆ ಸ್ಥಳೀಯ ಕೌನ್ಸಿಲ್ 5,000 ಪೌಂಡ್‌ವರೆಗೆ ದಂಡ ಹಾಕಬಹುದು. ಮೊದಲು ಅಟ್ಟದ ಕೆಲಸಕ್ಕೆ ಕೊಟೇಶನ್ ತರಿಸಿ, ಚಳಿ ಶುರುವಾಗುವ ಮುಂಚೆ ಮುಗಿಸಿಬಿಡಿ.