ತೆರೆಯದ ಕಡತ

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ಭೇಟಿಗೇ ಅವರು ತಮ್ಮ ಕಾಯಿಲೆಗೆ ಹೆಸರಿಟ್ಟುಕೊಂಡು ಬಂದಿದ್ದರು: ಸೋಮಾರಿತನ. ವಯಸ್ಸು 36, ಸಂಶೋಧನಾ ವಿದ್ಯಾರ್ಥಿನಿ. ಮಾರ್ಗದರ್ಶಕರು ತಿದ್ದಿ ಕಳುಹಿಸಿದ ಮೂರನೆಯ ಅಧ್ಯಾಯ ನಾಲ್ಕು ತಿಂಗಳಿಂದ ಇಮೇಲ್‌ನಲ್ಲಿ ಹಾಗೆಯೇ ಬಿದ್ದಿತ್ತು. ಅದೇ ಅವಧಿಯಲ್ಲಿ ಅವರು ಗೆಳತಿಯ ಪ್ರಬಂಧದ ಕರಡನ್ನು ತಿದ್ದಿಕೊಟ್ಟಿದ್ದರು, ಮನೆಯ ಪುಸ್ತಕಗಳನ್ನೆಲ್ಲ ವಿಷಯವಾರು ಜೋಡಿಸಿದ್ದರು. ಇಷ್ಟು ದುಡಿಯುವ ಸೋಮಾರಿಯನ್ನು ನಾನು ಕಂಡಿಲ್ಲ.

ನಿದ್ದೆ, ಹಸಿವು, ಉಳಿದ ವಿಷಯಗಳಲ್ಲಿನ ಆಸಕ್ತಿ ಹೇಗಿದೆ ಎಂದು ವಿಚಾರಿಸಿದೆ. ಖಿನ್ನತೆ ಕೆಲವೊಮ್ಮೆ ಈ ವೇಷದಲ್ಲೇ ಬರುತ್ತದೆ. ಇಲ್ಲಿ ಅದರ ಲಕ್ಷಣ ಕಾಣಲಿಲ್ಲ.

"ಕಡತ ತೆರೆಯಲು ಹೊರಟಾಗ ಏನಾಗುತ್ತದೆ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಇಷ್ಟು ತಡವಾದ ಮೇಲೆ ಯಾವ ಮುಖ ಇಟ್ಟುಕೊಂಡು ಉತ್ತರ ಬರೆಯಲಿ ಅನಿಸುತ್ತದೆ. ಇಮೇಲ್ ಮುಚ್ಚಿಬಿಟ್ಟರೆ ಸಮಾಧಾನ" ಎಂದರು. ಗಂಟು ಇದ್ದದ್ದು ಅಲ್ಲಿ. ಆ ಗಳಿಗೆಯ ಸಮಾಧಾನವೇ ಮುಂದೂಡುವುದಕ್ಕೆ ಸಿಗುವ ಕೂಲಿ. ದಿನ ಕಳೆದಂತೆ ನಾಚಿಕೆ ಬೆಳೆಯುತ್ತದೆ, ಕೂಲಿಯೂ ಏರುತ್ತದೆ.

ವೇಳಾಪಟ್ಟಿ ಹಾಕಿಕೊಡಿ ಎಂದರು. ಕೊಡಲಿಲ್ಲ. ಅಂಥವು ಅವರ ಬಳಿಯೇ ಏಳಿದ್ದವು, ಬಣ್ಣ ಬಣ್ಣದವು. ಬದಲಿಗೆ, ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಹೇಳಿದೆ: ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಅವರು ಒಪ್ಪಲಿಲ್ಲ, ಬೈದುಕೊಳ್ಳದಿದ್ದರೆ ಇನ್ನೂ ಜಾರುತ್ತೇನೆ ಎಂದರು. "ನಾಲ್ಕು ತಿಂಗಳು ಬೈದುಕೊಂಡಿದ್ದೀರಲ್ಲ, ಎಷ್ಟು ಪುಟವಾಯಿತು?" ಎಂದೆ. ಕೊಂಚ ಒರಟಾಯಿತೇನೋ, ಆದರೆ ನಕ್ಕರು.

ಕೊಟ್ಟ ಕೆಲಸ ಇಷ್ಟು: ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕುಳಿತ ಕೂಡಲೇ ಆ ಕಡತ ತೆರೆದು ಅದರಲ್ಲಿರುವ ಮಾರ್ಗದರ್ಶಕರ ಟಿಪ್ಪಣಿಗಳನ್ನು ಎಣಿಸುವುದು. ಓದಕೂಡದು, ತಿದ್ದಕೂಡದು. 'ನಾಳೆ ಶುರು ಮಾಡುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಇದಾದ ಕೂಡಲೇ ಇದು' ಎಂಬ ನಿರ್ಧಾರ ಹೆಚ್ಚು ಕೈಗೂಡುತ್ತದೆ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ವರ್ಷಗಟ್ಟಲೆ ತೋರಿಸಿಕೊಟ್ಟದ್ದು ಇದನ್ನೇ. ಜೊತೆಗೆ ಮಾರ್ಗದರ್ಶಕರಿಗೆ ಎರಡು ಸಾಲು: ತಡವಾಗಿದೆ, ಇಂಥ ದಿನ ಕಳುಹಿಸುತ್ತೇನೆ. ಕಾರಣಗಳ ಪುರಾಣ ಬೇಡ.

ಮುಂದಿನ ವಾರ ಬಂದರು. ಮೂರು ದಿನ ಆಗಲೇ ಇಲ್ಲವಂತೆ. ನಾಲ್ಕನೆಯ ದಿನ ಎಣಿಸಿದರು: 41 ಟಿಪ್ಪಣಿ, ಅವುಗಳಲ್ಲಿ 26 ಬರೀ ಅಲ್ಪವಿರಾಮ, ಕಾಗುಣಿತದ ತಕರಾರು.

"ಓದಕೂಡದು ಎಂದಿದ್ದೆನಲ್ಲ?"

"ಕಣ್ಣಿಗೆ ಬಿತ್ತು" ಎಂದರು. ಹನ್ನೆರಡನ್ನು ತಿದ್ದಿಯೂ ಆಗಿತ್ತು. ಮಾರ್ಗದರ್ಶಕರಿಗೆ ಬರೆಯಬೇಕಾದ ಆ ಎರಡು ಸಾಲು ಮಾತ್ರ ಬಾಕಿ ಉಳಿದಿತ್ತು. ಅದನ್ನು ನನ್ನೆದುರೇ ಕುಳಿತು ಬರೆದರು. ಬರೆದು ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು.